ಚೈನ್ ಸೆಟ್: ಬೆಲೆಯ ಹೋಲಿಕೆ ಸಾಕೆ?

ಯಶವಂತಪುರ, ಮತ್ತಿಕೆರೆ, ಹೆಬ್ಬಾಳ, ಆರ್.ಟಿ. ನಗರ, ಯಲಹಂಕ. ಬೆಂಗಳೂರಿನ ಉತ್ತರ ಭಾಗದ ಈ ಬಡಾವಣೆಗಳಲ್ಲಿ ದ್ವಿಚಕ್ರ ವಾಹನಗಳ ಬಿಡಿಭಾಗ ಮಾರುವ ಯಾವ ಅಂಗಡಿಯ ಮುಂದೆ ಬೆಳಗಿನ ಹೊತ್ತು ನಿಂತರೂ ಒಂದೇ ಬಗೆಯ ಮಾತು ಕಿವಿಗೆ ಬೀಳುತ್ತದೆ. "ಸ್ಪ್ಲೆಂಡರ್‌ಗೆ ಒಂದು ಚೈನ್ ಸೆಟ್ ಕೊಡಿ ಸಾರ್." "ಕಂಪನಿದಾ, ಲೋಕಲ್ಲಾ?" "ಎಷ್ಟು ವ್ಯತ್ಯಾಸ?" "ಐನೂರು ರೂಪಾಯಿ." "ಹಾಗಾದರೆ ಲೋಕಲ್ಲೇ ಕೊಡಿ, ಪಾರ್ಟಿ ಅಷ್ಟು ಕೊಡೋಲ್ಲ." ವ್ಯವಹಾರ ಮುಗಿಯಿತು. ಚೈನಿನ ಅಳತೆ ಏನು, ಸ್ಪ್ರಾಕೆಟ್‌ಗಳಲ್ಲಿ ಎಷ್ಟು ಹಲ್ಲುಗಳಿವೆ, ಅವು ಯಾವ ಉಕ್ಕಿನಿಂದ ಆದವು, ಹಲ್ಲುಗಳಿಗೆ ಹದ ಹಾಕಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಕೊಳ್ಳುವವನೂ ಕೇಳುವುದಿಲ್ಲ, ಮಾರುವವನೂ ಹೇಳುವುದಿಲ್ಲ. ವಾಹನದ ಹೆಸರು ಮತ್ತು ಬೆಲೆ, ಈ ಎರಡರಲ್ಲೇ ಹೋಲಿಕೆ ಮುಕ್ತಾಯವಾಗುತ್ತದೆ.

ಇದರಿಂದ ಮೊದಲು ನಷ್ಟವಾಗುವುದು ವಾಹನದ ಮಾಲೀಕನಿಗೆ. ಆದರೆ ಆ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಅದು ಗ್ಯಾರೇಜಿಗೂ ಅಂಗಡಿಗೂ ಹಿಂದಿರುಗಿ ಬರುತ್ತದೆ. ಕೊನೆಗೆ ಪೀಣ್ಯದ ಯಾವುದೋ ಗಲ್ಲಿಯಲ್ಲಿ ನಿಯತ್ತಿನಿಂದ ಸ್ಪ್ರಾಕೆಟ್ ಕೊರೆಯುತ್ತಿರುವ ಸಣ್ಣ ಉದ್ದಿಮೆದಾರನ ಬುಡಕ್ಕೇ ಬರುತ್ತದೆ. ಆದುದರಿಂದ ಈ ವಿಷಯವನ್ನು ಮೆಕ್ಯಾನಿಕ್‌ಗಳ ತಲೆನೋವೆಂದು ಬದಿಗೆ ಸರಿಸುವುದು ಸರಿಯಲ್ಲ.

ಉರುಳೆಗಳುಳ್ಳ ಇಂದಿನ ಚೈನನ್ನು ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನೋಲ್ಡ್ ರೂಪಿಸಿದ್ದು 1880ರಲ್ಲಿ. ಒಳತಟ್ಟೆ, ಹೊರತಟ್ಟೆ, ಪಿನ್ನು, ಬುಷ್, ಉರುಳೆ ಎಂಬ ಐದು ಭಾಗಗಳ ಆ ರಚನೆ ಇಂದಿಗೂ ಮೂಲತಃ ಬದಲಾಗಿಲ್ಲ. ಅಳತೆಗಳೂ ಜಗತ್ತಿನಾದ್ಯಂತ ನಿಗದಿಯಾಗಿವೆ. ಭಾರತದಲ್ಲಿ ಐಎಸ್ 2403 ಎಂಬ ಮಾನಕವೇ ಇದೆ. ಚೈನಿನ ತಟ್ಟೆಯ ಮೇಲೆ ಒತ್ತಿರುವ ಸಂಖ್ಯೆಯನ್ನು ಓದುವುದು ಕಷ್ಟವೇನಲ್ಲ. 428 ಎಂದಿದ್ದರೆ ಮೊದಲ ಅಂಕಿ 4ನ್ನು ಅಂಗುಲದ ಎಂಟನೆಯ ಭಾಗದಿಂದ ಗುಣಿಸಬೇಕು. ಅರ್ಧ ಅಂಗುಲ, ಅಂದರೆ 12.7 ಮಿ.ಮೀ., ಎಂಬುದು ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ. ಇದಕ್ಕೇ ಪಿಚ್ ಎನ್ನುವುದು. ಉಳಿದ ಎರಡು ಅಂಕಿಗಳು ಒಳ ಅಗಲವನ್ನು ಸೂಚಿಸುತ್ತವೆ. 520 ಮತ್ತು 530ರಲ್ಲಿ ಪಿಚ್ 15.875 ಮಿ.ಮೀ.; ಅಗಲ ಮಾತ್ರ ಬೇರೆ, ಮೊದಲನೆಯದರಲ್ಲಿ ಕಾಲು ಅಂಗುಲ, ಎರಡನೆಯದರಲ್ಲಿ ಎಂಟನೆಯ ಮೂರು ಅಂಗುಲ. ದಿನಬಳಕೆಯ 100ರಿಂದ 160 ಸಿಸಿ ವಾಹನಗಳಲ್ಲಿ ಬಹುತೇಕ 428, ಹಳೆಯ ಬುಲೆಟ್‌ಗಳಲ್ಲಿ 530, ಕೆಟಿಎಂ 390ರಂಥ ವಾಹನಗಳಲ್ಲಿ 520 ಬಳಕೆಯಲ್ಲಿವೆ. 420 ಮತ್ತು 428ರ ಪಿಚ್ ಒಂದೇ ಆದ್ದರಿಂದ ಕಣ್ಣಿಗೆ ಎರಡೂ ಒಂದೇ ಎನಿಸುತ್ತವೆ. ಆದರೆ ಒಳ ಅಗಲವೂ ಉರುಳೆಯ ದಪ್ಪವೂ ಬೇರೆಯಾದ್ದರಿಂದ ಒಂದರ ಸ್ಪ್ರಾಕೆಟ್‌ಗೆ ಇನ್ನೊಂದನ್ನು ಹಾಕಲಾಗದು.

ಹಿಮ ಬೀಳುವ ದೇಶಗಳಲ್ಲಿ ಸ್ನೋಮೊಬೈಲ್ ಎಂಬ ವಾಹನವಿದೆ. ಗುಲ್ಮಾರ್ಗ್‌ಗೆ ಹೋದ ಪ್ರವಾಸಿಗರು ಅದನ್ನು ಕಂಡಿರಬಹುದು. ಅದರ ಚೈನು ಸಾಮಾನ್ಯವಾಗಿ ಎಣ್ಣೆ ತುಂಬಿದ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ. ಅಲ್ಲಿಯ ಬಿಡಿಭಾಗದ ವ್ಯಾಪಾರದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸ್ಪ್ರಾಕೆಟ್ ಅನ್ನು ಹಲ್ಲಿನ ಲೆಕ್ಕದಲ್ಲೂ ಚೈನನ್ನು ಪಿಚ್‌ಗಳ ಲೆಕ್ಕದಲ್ಲೂ ಕೇಳಿ ಕೊಳ್ಳುತ್ತಾರೆ. ಒಂದು ಹಲ್ಲು ಹೆಚ್ಚಿಸಿದರೆ ಚೈನು ಎಷ್ಟು ಉದ್ದವಾಗಬೇಕೆಂಬ ಕೋಷ್ಟಕವನ್ನು ಮುಂದಿಟ್ಟುಕೊಂಡೇ ಸರಕನ್ನು ಆರಿಸುತ್ತಾರೆ. ಬೆಂಗಳೂರಿನ ಅಂಗಡಿಯಲ್ಲಿ ವಾಹನದ ಹೆಸರು ಹೇಳಿದರೆ ಸಾಕು. ಒಂದೇ ಹೆಸರಿನ ವಾಹನಕ್ಕೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಹಲ್ಲಿನ ಸಂಖ್ಯೆ ಇರುವುದುಂಟು. ಆಗ ಬಿಚ್ಚಿದ ಸೆಟ್ಟು ಹಿಂದಕ್ಕೆ ಬರುತ್ತದೆ, ಗ್ರೀಸು ಮೆತ್ತಿದ ಡಬ್ಬಿಯನ್ನು ಅಂಗಡಿಯವರು ವಾಪಸು ಪಡೆಯುವುದಿಲ್ಲ, ಜಗಳ ನಡೆಯುತ್ತದೆ.

ಸವೆಯುವುದು ಯಾವುದು?

ಚೈನು "ಹಿಗ್ಗಿತು" ಎಂಬುದು ರೂಢಿಯ ಮಾತು. ವಾಸ್ತವದಲ್ಲಿ ಉಕ್ಕಿನ ತಟ್ಟೆ ಹಿಗ್ಗುವುದಿಲ್ಲ. ಪ್ರತಿಯೊಂದು ಕೊಂಡಿಯಲ್ಲಿ ಪಿನ್ನೂ ಬುಷ್ಷೂ ಪರಸ್ಪರ ಉಜ್ಜಿ ಸವೆಯುತ್ತವೆ, ಆ ಸಣ್ಣ ಸಣ್ಣ ಸವೆತಗಳು ಕೂಡಿ ಚೈನು ಉದ್ದವಾಗುತ್ತದೆ. 428 ಚೈನಿನ 20 ಪಿಚ್‌ಗಳ ಉದ್ದ ಹೊಸದರಲ್ಲಿ 254 ಮಿ.ಮೀ. ಇರುತ್ತದೆ. ಅದು 259 ಮಿ.ಮೀ. ಮುಟ್ಟಿದರೆ ಸುಮಾರು ಶೇ. 2ರಷ್ಟು ಸವೆತವಾಗಿದೆ ಎಂದರ್ಥ; ಸಾಮಾನ್ಯವಾಗಿ ಬದಲಾಯಿಸಬೇಕಾದ ಹಂತವೆಂದರೆ ಇದೇ. ಕೆಲವು ತಯಾರಕರು ತಮ್ಮ ಕೈಪಿಡಿಯಲ್ಲಿ ಇದಕ್ಕಿಂತ ಬಿಗಿಯಾದ ಮಿತಿ ಕೊಟ್ಟಿರುತ್ತಾರೆ. ಒಂದೊಂದು ಪಿಚ್‌ಗೆ ಲೆಕ್ಕ ಹಾಕಿದರೆ ಈ ವ್ಯತ್ಯಾಸ ಕಾಲು ಮಿಲಿಮೀಟರ್ ಮಾತ್ರ. ಆದರೆ ಸ್ಪ್ರಾಕೆಟ್ಟಿನ ಹಲ್ಲುಗಳು ಹಳೆಯ 12.7ರ ಲೆಕ್ಕದಲ್ಲಿಯೇ ಕೊರೆದವು. ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂಡದೆ ಮೇಲೇರಿ, ಹಲ್ಲನ್ನು ಒಂದೇ ಬದಿಗೆ ಸವೆಸಿ ಕೊಕ್ಕೆಯಂತೆ ಬಾಗಿಸುತ್ತದೆ.

ಮುಂದಿನ ಚಿಕ್ಕ ಸ್ಪ್ರಾಕೆಟ್ ಮೇಲೆ ಬೀಳುವ ಭಾರ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಮುಂದೆ 14, ಹಿಂದೆ 43 ಹಲ್ಲುಗಳಿರುವ ಜೋಡಿಯನ್ನು ತೆಗೆದುಕೊಂಡರೆ, ಹಿಂದಿನ ಗಾಲಿ ಒಂದು ಸುತ್ತು ತಿರುಗುವಾಗ ಮುಂದಿನದು ಮೂರು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಸಾಮಾನ್ಯ ಗಾತ್ರದ ಟಯರ್ ಇರುವ ವಾಹನದಲ್ಲಿ ಒಂದು ಕಿಲೋಮೀಟರಿಗೆ ಅದು ಸುಮಾರು 1,600 ಸುತ್ತು. 10,000 ಕಿ.ಮೀ. ಓಡುವಷ್ಟರಲ್ಲಿ ಅದರ ಪ್ರತಿಯೊಂದು ಹಲ್ಲೂ ಒಂದೂವರೆ ಕೋಟಿಗೂ ಹೆಚ್ಚು ಬಾರಿ ಚೈನಿನ ಪೆಟ್ಟು ತಿಂದಿರುತ್ತದೆ. ಸೆಟ್ಟಿನಲ್ಲಿ ಅತ್ಯಂತ ಕಡಿಮೆ ಬೆಲೆಯದು ಈ ಚಿಕ್ಕ ಭಾಗ. ಲೋಕಲ್ ಮಾಲಿನಲ್ಲಿ ಹದದ ವಿಷಯದಲ್ಲಿ ಮೊದಲು ಕೈ ಬಿಡುವುದೂ ಇದನ್ನೇ. ಇದು ಸವೆದರೆ ಹೊಸ ಚೈನೂ ಬೇಗ ಹಾಳಾಗುತ್ತದೆ. ಚೈನು, ಎರಡು ಸ್ಪ್ರಾಕೆಟ್‌ಗಳು ಒಟ್ಟಿಗೇ ಬದಲಾಗಬೇಕು ಎಂಬ ನಿಯಮ ಕಂಪನಿಗಳು ಲಾಭಕ್ಕಾಗಿ ಕಟ್ಟಿದ ಕತೆ ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲ. ಸೆಟ್ಟಿನ ಮೂರು ಭಾಗಗಳಲ್ಲಿ ಅತಿ ದುರ್ಬಲವಾದುದು ಉಳಿದೆರಡರ ಆಯುಷ್ಯವನ್ನು ನಿರ್ಧರಿಸುತ್ತದೆ.

ಇಲ್ಲಿ ಗ್ಯಾರೇಜುಗಳ ಒಂದು ಹಳೆಯ ರೂಢಿಯ ಪ್ರಸ್ತಾಪ ಅಗತ್ಯ. ಅಡ್ಜಸ್ಟರ್ ಕೊನೆಯವರೆಗೆ ಬಂದು, ಚೈನು ಇನ್ನೂ ಲೂಸಾಗಿದ್ದರೆ, ಎರಡು ಕೊಂಡಿ ಕತ್ತರಿಸಿ ತೆಗೆದು ಮತ್ತೆ ಲಾಕ್ ಹಾಕಿ ಕಳುಹಿಸುವುದುಂಟು. ಗ್ರಾಹಕನಿಗೆ ಅದು ಉಪಕಾರವೆಂದೇ ಕಾಣುತ್ತದೆ, ಏಕೆಂದರೆ ಐವತ್ತೋ ನೂರೋ ರೂಪಾಯಿಗೆ ಕೆಲಸ ಮುಗಿಯಿತು. ಆದರೆ ಕತ್ತರಿಸಿದ್ದರಿಂದ ಚೈನಿನ ಒಟ್ಟು ಉದ್ದ ಕಡಿಮೆಯಾಯಿತೇ ಹೊರತು ಉಳಿದ ನೂರಕ್ಕೂ ಹೆಚ್ಚು ಕೊಂಡಿಗಳ ಪಿಚ್ ಸರಿಯಾಗಲಿಲ್ಲ. ಪ್ರತಿ ಕೊಂಡಿಯಲ್ಲೂ ಆ ಕಾಲು ಮಿಲಿಮೀಟರ್ ಹಾಗೆಯೇ ಉಳಿದಿದೆ. ಅಂಥ ಚೈನು ಹಲ್ಲು ಹಾರುವುದು, ಕೆಲವು ಸಲ ತುಂಡಾಗುವುದು ಸಹಜ. ತುಂಡಾದ ಚೈನು ಮುಂದಿನ ಸ್ಪ್ರಾಕೆಟ್ ಬಳಿ ಸುತ್ತಿಕೊಂಡರೆ ಎಂಜಿನ್ನಿನ ಕೇಸ್ ಒಡೆಯಬಹುದು, ಹಿಂದಿನ ಗಾಲಿ ಹಿಡಿದು ಸವಾರ ಬೀಳಬಹುದು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ, ಅಕ್ಕಪಕ್ಕದಲ್ಲಿ ಬಸ್ಸು ಲಾರಿಗಳು ಧಾವಿಸುತ್ತಿರುವಾಗ, ಇದು ನೂರು ರೂಪಾಯಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕೆಂಬುದನ್ನೂ ಮರೆತು ತಿರುಗುಮುರುಗಾಗಿ ಹಾಕಿದ ಉದಾಹರಣೆಗಳಿವೆ.

ಉತ್ತರ ಬೆಂಗಳೂರಿನ ರಸ್ತೆಗಳು ಚೈನಿಗೆ ವಿಶೇಷವಾಗಿ ಕಷ್ಟ ಕೊಡುತ್ತವೆ. ಬಳ್ಳಾರಿ ರಸ್ತೆಯುದ್ದಕ್ಕೂ ವರ್ಷಗಟ್ಟಲೆ ನಡೆದ ಮೆಟ್ರೋ ಕಾಮಗಾರಿ, ಯಲಹಂಕದಿಂದ ಬಾಗಲೂರಿನ ಕಡೆಗೆ ಏಳುತ್ತಿರುವ ಕಟ್ಟಡಗಳು, ಜಲ್ಲಿ ಮರಳು ಹೊತ್ತ ಟಿಪ್ಪರ್‌ಗಳು: ಇವೆಲ್ಲದರ ಧೂಳು ಎಣ್ಣೆ ಸವರಿದ ಚೈನಿನ ಮೇಲೆ ಕೂತು ಸಾಣೆಯ ಪುಡಿಯಂತೆ ಕೆಲಸ ಮಾಡುತ್ತದೆ. ಚೈನಿಗೆ ಪೂರ್ತಿ ಮುಚ್ಚಿಗೆಯಿರುವ ಸ್ಪ್ಲೆಂಡರಿನಂಥ ವಾಹನಗಳು ಇದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಜಾವಾಗಳಲ್ಲಿಯೂ ಚೈನು ಮುಚ್ಚಿದ ಕೇಸಿನೊಳಗೇ ಓಡುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇಂದಿನ ಯುವಕರು ಮೆಚ್ಚುವ ವಾಹನಗಳಲ್ಲಿ ಚೈನು ಬಯಲಿಗೆ ತೆರೆದಿರುತ್ತದೆ. ಗೇರ್‌ಬಾಕ್ಸಿಗೆ ಹಾಕುವ ಎಸ್‌ಎಇ 90 ಎಣ್ಣೆಯನ್ನು ಆಗಾಗ ಒಳಬದಿಗೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸುವ ಐದು ನಿಮಿಷದ ಕೆಲಸ ಮಾಡುವವರು ವಿರಳ. ಎಂಜಿನ್ನಿನಿಂದ ತೆಗೆದ ಕಪ್ಪು ಎಣ್ಣೆಯನ್ನೇ ಚೈನಿಗೆ ಸುರಿಯುವ ಪದ್ಧತಿ ಮಾತ್ರ ಎಲ್ಲೆಡೆ ಇದೆ. ಉಜ್ಜಿ ಸವೆದ ಲೋಹದ ಕಣಗಳಿರುವ ಎಣ್ಣೆ ಅದು.

ಐನೂರು ರೂಪಾಯಿ ಉಳಿತಾಯದ ಲೆಕ್ಕ

ದಿನಕ್ಕೆ 100 ಕಿ.ಮೀ. ಓಡುವ, ಊಟ ತಿಂಡಿ ಅಥವಾ ಪಾರ್ಸೆಲ್ ತಲುಪಿಸುವ ಸವಾರನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ವರ್ಷಕ್ಕೆ 300 ದಿನ ಎಂದರೆ 30,000 ಕಿ.ಮೀ. ಅಗ್ಗದ ಸೆಟ್ಟಿಗೆ 900 ರೂ., ಬಾಳಿಕೆ 10,000 ಕಿ.ಮೀ. ಎಂದೂ, ಒಳ್ಳೆಯ ಸೆಟ್ಟಿಗೆ 1,400 ರೂ., ಬಾಳಿಕೆ 20,000 ಕಿ.ಮೀ. ಎಂದೂ, ಹಾಕುವ ಕೂಲಿ ಎರಡಕ್ಕೂ 250 ರೂ. ಎಂದೂ ಇಟ್ಟುಕೊಳ್ಳೋಣ. ಅಗ್ಗದ್ದನ್ನು ವರ್ಷಕ್ಕೆ ಮೂರು ಬಾರಿ ಹಾಕಬೇಕು: 3,450 ರೂ. ಒಳ್ಳೆಯದರ ವರ್ಷದ ಪಾಲು ಒಂದೂವರೆ ಸೆಟ್ಟು: 2,475 ರೂ. ಸಾವಿರ ಕಿಲೋಮೀಟರಿಗೆ ಲೆಕ್ಕ ಹಿಡಿದರೆ 115 ರೂ. ಮತ್ತು 82 ರೂ. 50 ಪೈಸೆ. ಗ್ಯಾರೇಜಿನಲ್ಲಿ ಕಳೆದ ಅರ್ಧ ದಿನದ ಸಂಪಾದನೆ ಈ ಲೆಕ್ಕದಲ್ಲಿ ಸೇರಿಲ್ಲ. ಸಂಖ್ಯೆಗಳು ಅಂಗಡಿಯಿಂದ ಅಂಗಡಿಗೆ, ಸವಾರನಿಂದ ಸವಾರನಿಗೆ ಬದಲಾಗುತ್ತವೆ. ಲೆಕ್ಕದ ಕ್ರಮ ಬದಲಾಗುವುದಿಲ್ಲ. ಲಾರಿ ಮಾಲೀಕರು ಟಯರನ್ನು ಕಿಲೋಮೀಟರಿನ ಲೆಕ್ಕದಲ್ಲಿಯೇ ಕೊಳ್ಳುತ್ತಾರೆ. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಸರಕು ಇಳಿಸುವ ಯಾವ ಲಾರಿಯವರನ್ನು ಕೇಳಿದರೂ ಯಾವ ಟಯರ್ ಎಷ್ಟು ಓಡಿತೆಂದು ಬಾಯಲ್ಲೇ ಹೇಳಬಲ್ಲರು. ಚೈನಿನ ವಿಷಯದಲ್ಲಿ ಮಾತ್ರ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಣೆ ನ್ಯಾಯವಾದುದೇ. ಆ ದಿನ ಸವಾರನ ಜೇಬಿನಲ್ಲಿರುವುದು 900 ರೂಪಾಯಿ ಮಾತ್ರ. ಮುಂದಿನ ವರ್ಷದ ಉಳಿತಾಯದ ಮಾತು ಅವನಿಗೆ ಹೇಳಿ ಪ್ರಯೋಜನವೇನು? ಬಡವನಿಗೆ ಅಗ್ಗದ ಸರಕು ದುಬಾರಿಯಾಗುವ ಈ ಬಗೆ ಹೊಸದೇನೂ ಅಲ್ಲ. ಆದರೆ ಗ್ಯಾರೇಜಿನವರು ಅಂಗಡಿಯಿಂದ ಸಾಮಾನ್ಯವಾಗಿ ಸಾಲದ ಮೇಲೆಯೇ ಮಾಲು ಒಯ್ಯುತ್ತಾರೆ, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುತ್ತಾರೆ. ಸಾಲ ಕೊಡುವ ಅಂಗಡಿಯವರು ಆ ಅನುಕೂಲವನ್ನು ಒಳ್ಳೆಯ ಸೆಟ್ಟಿಗೆ ಹೆಚ್ಚಿಸಿ, ಹೆಸರಿಲ್ಲದ ಸೆಟ್ಟಿಗೆ ನಗದನ್ನೇ ಕೇಳಿದರೆ ಚಿತ್ರ ಬೇರೆಯಾದೀತು. ಪ್ರಸ್ತುತ ನಡೆಯುತ್ತಿರುವುದು ಇದರ ವಿರುದ್ಧ. ಅಗ್ಗದ ಮಾಲಿನಲ್ಲಿ ಮೆಕ್ಯಾನಿಕ್‌ಗೆ ಉಳಿಯುವ ಕಮಿಷನ್ ಹೆಚ್ಚು, ಹಾಕುವ ಕೂಲಿ ತೀರ ಕಡಿಮೆ. ಆದುದರಿಂದ ಅವನು ತನ್ನ ಸಂಪಾದನೆಯನ್ನು ಡಬ್ಬಿಯೊಳಗೆ ಹುಡುಕುತ್ತಾನೆ. ಮೆಕ್ಯಾನಿಕ್‌ನನ್ನು ಮೋಸಗಾರನೆಂದು ಬೈಯುವವರು ಅವನ ಒಂದು ಗಂಟೆಯ ಕೆಲಸಕ್ಕೆ ತಾವು ಕೊಡುವ ಕೂಲಿಯನ್ನು ಒಮ್ಮೆ ನೆನೆಯುವುದು ಒಳಿತು.

ನಂದಿ ಬೆಟ್ಟದ ದಾರಿಯ ಗ್ರಾಹಕರು

ಭಾನುವಾರ ಬೆಳಗಿನ ಜಾವ ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆಗೆ ಹೊರಡುವ ಸವಾರರು ಬೇರೊಂದು ಮಾರುಕಟ್ಟೆಯನ್ನು ಸೃಷ್ಟಿಸಿದ್ದಾರೆ. ಇವರು ಬರುವುದು ದುರಸ್ತಿಗಲ್ಲ, "ಅಪ್‌ಗ್ರೇಡ್"ಗೆ. ಇವರು ಹಣಕ್ಕೆ ಹಿಂಜರಿಯುವುದಿಲ್ಲ. ಹಿತ್ತಾಳೆ ಬಣ್ಣದ ಚೈನು, ಕೆಂಪು ನೀಲಿ ಬಣ್ಣದ ಅಲ್ಯೂಮಿನಿಯಂ ಸ್ಪ್ರಾಕೆಟ್, ಒಂದು ಹಲ್ಲು ಹೆಚ್ಚು ಅಥವಾ ಕಡಿಮೆ ಇರುವ ಮುಂದಿನ ಸ್ಪ್ರಾಕೆಟ್ ಇವರ ಬೇಡಿಕೆ. ಇಲ್ಲಿಯೂ ಅಂಗಡಿಯವರು ತಮಗೆ ತಿಳಿದುದನ್ನು ಹೇಳಿ ಮಾರಬೇಕೇ ಹೊರತು ಬಣ್ಣ ತೋರಿಸಿ ಮಾರಬಾರದು.

ತಟ್ಟೆಯ ಮೇಲಿನ ಲೇಪ ತುಕ್ಕನ್ನು ತಡೆಯುತ್ತದೆ. ಸವೆತ ನಡೆಯುವುದು ಒಳಗೆ, ಪಿನ್ನು ಬುಷ್ಷುಗಳ ನಡುವೆ. ಅಲ್ಲಿಗೆ ಬಣ್ಣಕ್ಕೆ ಪ್ರವೇಶವಿಲ್ಲ. ನಿಜವಾದ ಸುಧಾರಣೆ ಬೇಕಾದವರಿಗೆ ಓ-ರಿಂಗ್ ಚೈನು ಇದೆ. ಅದರ ತಟ್ಟೆಗಳ ನಡುವೆ ರಬ್ಬರ್ ಉಂಗುರಗಳಿದ್ದು, ಕಾರ್ಖಾನೆಯಲ್ಲಿ ತುಂಬಿದ ಗ್ರೀಸು ಹೊರಹೋಗದಂತೆ, ಹೊರಗಿನ ಧೂಳು ಒಳಬಾರದಂತೆ ಕಾಯುತ್ತವೆ. ತಂತಿಯ ಬ್ರಷ್ಷಿನಿಂದ ಉಜ್ಜಿದರೆ, ಪೆಟ್ರೋಲಿನಲ್ಲಿ ನೆನೆಸಿದರೆ ಆ ಉಂಗುರಗಳು ಹಾಳಾಗುತ್ತವೆ. ಈ ಎಚ್ಚರಿಕೆಯ ಮಾತನ್ನು ಮಾರುವಾಗಲೇ ಹೇಳದಿದ್ದರೆ ಆರು ತಿಂಗಳಲ್ಲಿ ದೂರು ಬರುತ್ತದೆ. 428ಎಚ್ ಎಂಬ ಗುರುತಿನ ಚೈನಿನಲ್ಲಿ ತಟ್ಟೆ ದಪ್ಪವಾಗಿರುತ್ತದೆ. ಹೆಚ್ಚು ಭಾರ ಹೊರುವ ವಾಹನಕ್ಕೆ ಅದು ಒಪ್ಪುತ್ತದೆ. ಅಲ್ಯೂಮಿನಿಯಂ ಸ್ಪ್ರಾಕೆಟ್ ಹಗುರ, ಪಂದ್ಯಕ್ಕೆ ಸರಿ. ದಿನವೂ ಕೆಲಸಕ್ಕೆ ಹೋಗುವವನಿಗೆ ಅದು ಬೇಗ ಸವೆಯುವ ಅಲಂಕಾರ.

ಹಲ್ಲಿನ ಲೆಕ್ಕವೂ ಹಾಗೆಯೇ. 14ಕ್ಕೆ 43 ಇದ್ದ ಅನುಪಾತ 3.07. ಮುಂದೆ 15 ಮಾಡಿದರೆ 2.87, ಅಂದರೆ ಹೆದ್ದಾರಿಯಲ್ಲಿ ಎಂಜಿನ್ ಸುಮಾರು ಶೇ. 7ರಷ್ಟು ನಿಧಾನ ತಿರುಗುತ್ತದೆ, ಬೆಟ್ಟ ಹತ್ತುವಾಗ ಅಷ್ಟೇ ಬಲ ಕುಂದುತ್ತದೆ. ಮುಂದೆ 13 ಮಾಡಿದರೆ 3.31, ಎಳೆತ ಹೆಚ್ಚು, ಗರಿಷ್ಠ ವೇಗ ಕಡಿಮೆ, ಪೆಟ್ರೋಲ್ ಖರ್ಚು ಜಾಸ್ತಿ. ಮುಂದೆ ಒಂದು ಹಲ್ಲು ಬದಲಿಸುವುದು ಹಿಂದೆ ಮೂರು ಹಲ್ಲು ಬದಲಿಸಿದ್ದಕ್ಕೆ ಸಮಾನ. ಹಲ್ಲು ಕಡಿಮೆಯಾದಷ್ಟೂ ಚೈನು ಬಹುಕೋನದ ಮೇಲೆ ಸುತ್ತಿದಂತಾಗಿ ಅದರ ಓಟ ಏರುಪೇರಾಗುತ್ತದೆ. 17 ಹಲ್ಲಿನಲ್ಲಿ ಶೇ. 1.7ರಷ್ಟಿರುವ ಈ ಏರುಪೇರು 11 ಹಲ್ಲಿನಲ್ಲಿ ಶೇ. 4 ಮುಟ್ಟುತ್ತದೆ, ಚೈನು ಬಡಿದುಕೊಳ್ಳುತ್ತದೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಮುಂದಿನ ಗಾಲಿ ಎತ್ತಿ ಓಡಿಸುವ ಹುಚ್ಚಿಗಾಗಿ ಅತಿ ಚಿಕ್ಕ ಸ್ಪ್ರಾಕೆಟ್ ಕೇಳುತ್ತ ಬರುವ ಹುಡುಗರಿಗೆ "ಇಲ್ಲ" ಎನ್ನುವ ಅಂಗಡಿಯವರು ಒಂದು ವ್ಯಾಪಾರ ಕಳೆದುಕೊಳ್ಳುತ್ತಾರೆ, ಅಷ್ಟೆ.

ಹೆಸರಿಲ್ಲದ ಮಾಲಿನ ಹೊಣೆ

"ಲೋಕಲ್" ಎಂಬ ಪದವನ್ನು ಕಳಪೆ ಎಂಬುದಕ್ಕೆ ಪರ್ಯಾಯವಾಗಿ ಬಳಸುವುದು ಈ ವ್ಯಾಪಾರದ ದೊಡ್ಡ ಅನ್ಯಾಯ. ಮಾರುಕಟ್ಟೆಯಲ್ಲಿ ಲೋಕಲ್ ಎಂಬ ಹೆಸರಿನಲ್ಲಿ ಮೂರು ಬಗೆಯ ಸರಕು ಬೆರೆತುಹೋಗಿದೆ. ಸ್ವಂತ ಹೆಸರು ಹಾಕಿ ಸಣ್ಣ ಕಾರ್ಖಾನೆಯವರು ಮಾಡಿದ್ದು ಒಂದು. ಯಾವ ಹೆಸರೂ ಇಲ್ಲದ್ದು ಇನ್ನೊಂದು. ದೊಡ್ಡ ಕಂಪನಿಯ ಡಬ್ಬಿಯನ್ನೇ ನಕಲು ಮಾಡಿ ತುಂಬಿದ್ದು ಮೂರನೆಯದು. ಮೂರನೆಯದರ ಬಗ್ಗೆ ಚರ್ಚೆಗೆ ಅವಕಾಶವಿಲ್ಲ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಂತೆ ಸುಳ್ಳು ಚಿಹ್ನೆ ಹಾಕಿದವನಿಗೂ ಅಂಥ ಸರಕು ಮಾರಿದವನಿಗೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ಎರಡನೆಯದರ ಅಪಾಯವನ್ನು ವರ್ತಕರು ಇನ್ನೂ ಪೂರ್ತಿ ಅರಿತಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯವೇ ಸೇರಿದೆ. ದೋಷಯುಕ್ತ ಸರಕಿನಿಂದ ಹಾನಿಯಾದಾಗ ಸಾಮಾನ್ಯವಾಗಿ ಮೊದಲು ಹೊಣೆ ಬರುವುದು ತಯಾರಕನ ಮೇಲೆ. ಆದರೆ ತಯಾರಕ ಯಾರೆಂದೇ ತಿಳಿಯದಿದ್ದರೆ, ಅಥವಾ ತಿಳಿದರೂ ಅವನಿಗೆ ನೋಟಿಸು ತಲುಪಿಸಲಾಗದಿದ್ದರೆ, ಮಾರಿದವನೇ ಹೊಣೆಗಾರನಾಗುತ್ತಾನೆ. ಹೆಸರಿಲ್ಲದ ಸ್ಪ್ರಾಕೆಟ್ ಒಂದನ್ನು ಮಾರಿ ಇನ್ನೂರು ರೂಪಾಯಿ ಲಾಭ ಪಡೆದ ಅಂಗಡಿಯವರು, ತಮಗೆ ಗೊತ್ತಿಲ್ಲದಂತೆಯೇ, ಆ ಸ್ಪ್ರಾಕೆಟ್ಟಿನ ತಯಾರಕನ ಸ್ಥಾನದಲ್ಲಿ ನಿಂತಿರುತ್ತಾರೆ. ಇಷ್ಟು ದೊಡ್ಡ ಹೊಣೆಗೆ ಆ ಲಾಭ ಏನೇನೂ ಸಾಲದು.

ತೆರಿಗೆಯ ನೆಪವೂ ಈಗ ಬಹಳಮಟ್ಟಿಗೆ ಉಳಿದಿಲ್ಲ. 2025ರ ಸೆಪ್ಟೆಂಬರ್ 22ರವರೆಗೆ ವಾಹನ ಬಿಡಿಭಾಗಗಳಲ್ಲಿ ಕೆಲವಕ್ಕೆ ಶೇ. 28, ಕೆಲವಕ್ಕೆ ಶೇ. 18 ಜಿ.ಎಸ್.ಟಿ. ಇತ್ತು. ಒಂದೇ ಡಬ್ಬಿಯಲ್ಲಿ ಬರುವ ಚೈನು, ಸ್ಪ್ರಾಕೆಟ್‌ಗಳ ವರ್ಗೀಕರಣವೇ ಗೊಂದಲಕ್ಕೆ ಕಾರಣವಾಗಿತ್ತು. ಅಂದಿನಿಂದ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18 ಆಗಿದೆ. ಬಿಲ್ಲಿಲ್ಲದ ಮಾಲಿಗೆ ಬಿಲ್ಲಿನ ಮಾಲಿಗಿಂತ ಇದ್ದ ಅನುಕೂಲ ಅಷ್ಟರಮಟ್ಟಿಗೆ ಕುಗ್ಗಿದೆ. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದ, ರಾಜ್ಯದೊಳಗೇ ಸರಕು ಮಾರುವ ಸಣ್ಣ ತಯಾರಕನು ನೋಂದಣಿ ಮಾಡಿಸದೆ ಇರುವುದು ಕಾನೂನಿನ ಪ್ರಕಾರ ತಪ್ಪಲ್ಲವೆಂಬುದನ್ನೂ ನೆನಪಿಡಬೇಕು. ನೋಂದಣಿ ಇಲ್ಲದಿರುವುದಕ್ಕೂ ಹೆಸರಿಲ್ಲದಿರುವುದಕ್ಕೂ ಸಂಬಂಧವಿಲ್ಲ. ತನ್ನ ಸರಕಿನ ಮೇಲೆ ಹೆಸರು ಒತ್ತಲು ಯಾವ ಇಲಾಖೆಯ ಅಪ್ಪಣೆಯೂ ಬೇಡ.

ತಯಾರಕರ ಮುಂದಿರುವ ದಾರಿ

ಕರ್ನಾಟಕದಲ್ಲಿ ದ್ವಿಚಕ್ರ ವಾಹನಗಳ ತಯಾರಿಕೆ ಕಡಿಮೆಯೇನಿಲ್ಲ. ಮೈಸೂರಿನಲ್ಲಿ ಟಿವಿಎಸ್ ಕಾರ್ಖಾನೆಯಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ 2013ರಲ್ಲಿ ಉತ್ಪಾದನೆ ಆರಂಭಿಸಿತು. ಆದರೆ ಅಂಗಡಿಗಳ ಕಪಾಟಿನಲ್ಲಿ ಎದ್ದು ಕಾಣುವ ಚೈನುಗಳು ನೆರೆಯ ತಮಿಳುನಾಡಿನವು. ರೋಲಾನ್ ಹೆಸರಿನದು ಕೊಯಮತ್ತೂರಿನ ಎಲ್.ಜಿ. ಬಾಲಕೃಷ್ಣನ್ ಸಂಸ್ಥೆಯದು, ಡೈಮಂಡ್ ಹೆಸರಿನದು ಚೆನ್ನೈನ ಮುರುಗಪ್ಪ ಸಮೂಹದ್ದು. ಚೈನು ತಯಾರಿಕೆಗೆ ಭಾರಿ ಬಂಡವಾಳವೂ ಸ್ವಯಂಚಾಲಿತ ಜೋಡಣೆಯೂ ಬೇಕು; ಅಲ್ಲಿ ಸಣ್ಣವರು ಸ್ಪರ್ಧಿಸುವುದು ಸುಲಭವಲ್ಲ, ಸ್ಪರ್ಧಿಸಬೇಕಾಗಿಯೂ ಇಲ್ಲ. ಸ್ಪ್ರಾಕೆಟ್ಟಿನ ಮಾತು ಬೇರೆ. ತಟ್ಟೆ ಕತ್ತರಿಸುವುದು, ಲೇತಿನ ಕೆಲಸ, ಹಲ್ಲು ಕೊರೆಯುವುದು, ಹಲ್ಲುಗಳಿಗೆ ಮಾತ್ರ ಇಂಡಕ್ಷನ್ ಹದ ಹಾಕುವುದು: ಇವೆಲ್ಲಕ್ಕೂ ಬೇಕಾದ ಯಂತ್ರ, ಕೈಚಳಕ, ಹೀಟ್ ಟ್ರೀಟ್‌ಮೆಂಟ್ ಘಟಕಗಳು ಪೀಣ್ಯದಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿವೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಸ್ಥಾಪನೆಯಾದಂದಿನಿಂದ ಈ ಪ್ರದೇಶದಲ್ಲಿ ಲೋಹದ ಕೆಲಸ ಬಲ್ಲ ಪೀಳಿಗೆಗಳೇ ಬೆಳೆದಿವೆ.

ಆದರೂ ಸಣ್ಣ ತಯಾರಕರು ಜಗ್ಗಾಡುತ್ತಿರುವುದು ಬೆಲೆಯ ಕೆಳತುದಿಯಲ್ಲಿ. ಇಂಗಾಲದ ಅಂಶ ಶೇ. 0.42ರಿಂದ 0.50ರವರೆಗೆ ಇರುವ ಸಿ45 ಉಕ್ಕು ಬಳಸಿ ಹಲ್ಲಿಗೆ ಹದ ಹಾಕಿದವರೂ, ಮೆದು ಕಬ್ಬಿಣದ ತಟ್ಟೆಯನ್ನು ಒತ್ತಿ ಕತ್ತರಿಸಿ ಹೊಳಪಿನ ಲೇಪ ಕೊಟ್ಟವರೂ ಒಂದೇ ಬಗೆಯ ಬಿಳಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಡಿಗೆ ಕಳುಹಿಸಿದರೆ, ಕಪಾಟಿನಲ್ಲಿ ಇಬ್ಬರೂ ಸಮಾನರು. ಅಲ್ಲಿ ಗೆಲ್ಲುವುದು ಇಪ್ಪತ್ತು ರೂಪಾಯಿ ಕಡಿಮೆ ಮಾಡಿದವನು. ಹದಕ್ಕೆ ಖರ್ಚು ಮಾಡಿದವನು ಮುಂದಿನ ಸಲ ಹದವನ್ನೇ ಬಿಡುತ್ತಾನೆ. ಉತ್ತಮ ಸರಕನ್ನು ಹೆಸರಿಲ್ಲದೆ ಮಾರುವುದರ ಪರಿಣಾಮ ಇದು. ಇದಕ್ಕೆ ಕಾರಣ ಅಂಗಡಿಯವರಷ್ಟೇ ಅಲ್ಲ, ತಯಾರಕರೂ ಹೌದು.

ಹದವಿದೆಯೇ ಇಲ್ಲವೇ ಎಂಬುದನ್ನು ಕೌಂಟರಿನ ಮೇಲೆಯೇ ಪರೀಕ್ಷಿಸಬಹುದು. ಹಲ್ಲಿನ ತುದಿಗೆ ಅರ ಇಟ್ಟು ಉಜ್ಜಿದಾಗ ಅದು ಜಾರಿದರೆ ಹದ ಸರಿಯಿದೆ. ಕಚ್ಚಿ ಪುಡಿ ಉದುರಿಸಿದರೆ ಲೋಹ ಮೆದು. ಲೇಪವಿಲ್ಲದ ಸ್ಪ್ರಾಕೆಟ್ ಆದರೆ ಇಂಡಕ್ಷನ್ ಕಾವು ತಾಗಿದ ಹಲ್ಲಿನ ಅಂಚಿನಲ್ಲಿ ಕಪ್ಪು ನೀಲಿ ಪಟ್ಟಿ ಕಾಣುವುದುಂಟು. ಇದು ಒರಟು ಪರೀಕ್ಷೆ. ಖಚಿತ ಅಂಕಿಗಳು ಬೇಕಾದರೂ ದೂರ ಹೋಗಬೇಕಿಲ್ಲ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಅಳತೆ ಮತ್ತು ಪರೀಕ್ಷಣ ಸೇವೆ ಒದಗಿಸುತ್ತದೆ. ಭಾರತೀಯ ಮಾನಕ ಬ್ಯೂರೋದ ಬೆಂಗಳೂರು ಶಾಖೆಯೂ ಅದೇ ರಸ್ತೆಯಲ್ಲಿ ಪೀಣ್ಯದಲ್ಲಿದೆ. ಒಂದು ತಂಡದಿಂದ ಆರಿಸಿದ ಕೆಲವು ಸ್ಪ್ರಾಕೆಟ್‌ಗಳ ಗಡಸುತನ ಪರೀಕ್ಷಿಸಿ, ಆ ವರದಿಯ ಪ್ರತಿಯನ್ನು ಅಂಗಡಿಯವರಿಗೆ ಕೊಡುವ ಖರ್ಚು ಒಂದು ದಿನದ ಡೀಸೆಲ್ ಜನರೇಟರ್ ಖರ್ಚಿಗಿಂತ ಹೆಚ್ಚೇನಾಗಲಾರದು. ಒಬ್ಬರಿಗೆ ಹೊರೆಯಾದರೆ ನಾಲ್ಕು ಘಟಕಗಳು ಕೂಡಿ ಮಾಡಿಸಬಹುದು.

ವಿದ್ಯುತ್ ವಾಹನಗಳು ಬಂದಮೇಲೆ ಚೈನಿನ ಕಾಲವೇ ಮುಗಿಯಿತು, ಈಗ ಇದಕ್ಕೆ ಬಂಡವಾಳ ಹಾಕುವುದೇಕೆ ಎಂಬ ಮಾತು ಪೀಣ್ಯದಲ್ಲಿ ಕೇಳಿಬರುತ್ತದೆ. ಭಯ ನಿರಾಧಾರವಲ್ಲ, ಟಿವಿಎಸ್ ಐಕ್ಯೂಬ್‌ನಂಥ ವಾಹನದಲ್ಲಿ ಮೋಟಾರು ಗಾಲಿಯ ನಡುವಿನಲ್ಲೇ ಇದೆ, ಏಥರ್ 450ರಲ್ಲಿ ಬೆಲ್ಟ್ ಇದೆ. ಆದರೆ 2022ರ ಕೊನೆಯಲ್ಲಿ ಬೆಂಗಳೂರಿನ ಅಲ್ಟ್ರಾವಯೊಲೆಟ್ ಸಂಸ್ಥೆ ಹೊರತಂದ ಎಫ್77 ಬೈಕು ಚೈನಿನದು. ಓಲಾ ಸಂಸ್ಥೆ 2025ರ ಆರಂಭದಲ್ಲಿ ಪ್ರಕಟಿಸಿದ ಮೂರನೆಯ ತಲೆಮಾರಿನ ಸ್ಕೂಟರುಗಳಲ್ಲಿ ಬೆಲ್ಟನ್ನು ಬಿಟ್ಟು ಚೈನಿಗೆ ಬಂದಿತು. ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯುತ್ತದೆ. ಬ್ರೇಕ್ ಹಿಡಿದಾಗ ಬ್ಯಾಟರಿ ತುಂಬಿಸಲು ಚೈನಿನ ಮೇಲೆ ಹಿಮ್ಮುಖ ಸೆಳೆತವೂ ಬೀಳುತ್ತದೆ. ಇಂಥ ವಾಹನಕ್ಕೆ ಮೆದು ಕಬ್ಬಿಣದ ಸ್ಪ್ರಾಕೆಟ್ ಮಾರಿ ಪಾರಾಗುವುದು ಪೆಟ್ರೋಲ್ ಬೈಕಿಗಿಂತಲೂ ಕಷ್ಟ. ಹೀಗಾಗಿ ಹದದ ಕೆಲಸ ಕಲಿತ ಘಟಕಗಳಿಗೆ ಈ ಬದಲಾವಣೆಯಲ್ಲಿಯೂ ಸ್ಥಾನವಿದೆ.

ವಾಣಿಜ್ಯ ಸಂಘಗಳು ಮತ್ತು ಪೀಣ್ಯದ ಕೈಗಾರಿಕಾ ಸಂಘಗಳು ಕೂಡಿ ಮಾಡಬಹುದಾದ ಮೊದಲ ಕೆಲಸ ಚಿಕ್ಕದು. ತಯಾರಕನ ಹೆಸರು ಮತ್ತು ಊರು, ಚೈನಿನ ಸಂಖ್ಯೆ, ಹಲ್ಲುಗಳ ಸಂಖ್ಯೆ, ಉಕ್ಕಿನ ದರ್ಜೆ, ತಯಾರಾದ ತಿಂಗಳು ಎಂಬ ಐದು ವಿವರಗಳಿಲ್ಲದ ಸ್ಪ್ರಾಕೆಟ್ ಅನ್ನು ಸದಸ್ಯರು ಕೊಳ್ಳುವುದಿಲ್ಲ, ಮಾರುವುದಿಲ್ಲ ಎಂದು ಒಪ್ಪಂದ ಮಾಡಿಕೊಳ್ಳುವುದು. ಹೆಸರು, ಹಲ್ಲಿನ ಸಂಖ್ಯೆಗಳನ್ನು ಲೋಹದ ಮೇಲೆಯೇ ಒತ್ತಬೇಕು. ಡಬ್ಬಿ ಕಸದ ಬುಟ್ಟಿಗೆ ಹೋದಮೇಲೂ ಅವು ಉಳಿಯುತ್ತವೆ. ಅಂಗಡಿಯವರ ಪಾಲಿಗೆ ಉಳಿಯುವುದು ಒಂದು ಅರ, ಒಂದು ಅಡಿಪಟ್ಟಿ ಮತ್ತು ಗೋಡೆಗೆ ಅಂಟಿಸಲು ಯಾವ ವರ್ಷದ ಯಾವ ವಾಹನಕ್ಕೆ ಎಷ್ಟು ಹಲ್ಲು, ಎಷ್ಟು ಕೊಂಡಿ ಎಂಬ ಪಟ್ಟಿ. ಹಳೆಯ ಚೈನನ್ನು ಹಿಡಿದು ಬಂದ ಮೆಕ್ಯಾನಿಕ್‌ನ ಮುಂದೆ 20 ಪಿಚ್ ಅಳೆದು ತೋರಿಸಿ, ಆಮೇಲೆ ಬೆಲೆ ಹೇಳಬಹುದು.